ದೊರೆಯ ನಾಯಿ, ಮೈಲಾರನ ದೋಣಿ

ವಿಭೂತಿ ಹಚ್ಚಿ ಬೆಳ್ಳಿ ತಿಕ್ಕಿದಾಗ ಒಂದು ಒಣ ವಾಸನೆ ಏಳುತ್ತದೆ. ಮೊನ್ನೆ ಪಕ್ಕದ ಮನೆಯ ಅಕ್ಕನ ತಿಥಿ ಮುಗಿದ ಮೇಲೆ ಅವಳ ಸೊಸೆ ದೇವರ ಸಾಮಾನು ತಿಕ್ಕುತ್ತಿದ್ದಳು. ಆ ವಾಸನೆಗೆ ನಾನು ಅಲ್ಲೇ ಕುಳಿತುಬಿಟ್ಟೆ...

ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಚಿತ್ರದುರ್ಗದ ಒಂದೇ ಓಣಿಗೆ ಸೊಸೆಯರಾಗಿ ಬಂದವರು. ಅಕ್ಕನ ಮಾವನ ತಂದೆ ಜೋಗಿಮಟ್ಟಿ ಬೆಟ್ಟದ ಬಂಗಲೆಯಲ್ಲಿ ಇಂಗ್ಲಿಷ್ ದೊರೆಯೊಬ್ಬನಿಗೆ ಅಡುಗೆ ಮಾಡುತ್ತಿದ್ದರಂತೆ. ದೊರೆ ತನ್ನ ದೇಶಕ್ಕೆ ಹೊರಟಾಗ ಊಟದ ಮೇಜಿನ ಹಳೆಯ ಬೆಳ್ಳಿ ಸಾಮಾನು ಕೊಟ್ಟುಹೋದ. ಚಮಚ, ತಟ್ಟೆ, ಸಾರು ಸುರಿಯಲು ದೋಣಿಯಂಥ ಒಂದು ಬಟ್ಟಲು. ಎಲ್ಲದರ ಮೇಲೂ ಅವನ ಮನೆತನದ ಗುರುತು ಕೊರೆದಿದ್ದರು: ಕೊರಳಿಗೆ ಪಟ್ಟಿ ಕಟ್ಟಿದ ನಾಯಿಯ ತಲೆ.

ಕುರಿ ಸಾಕುವ ಆ ಮನೆಯವರು ಮೈಲಾರಲಿಂಗನ ಒಕ್ಕಲು. ಮೈಲಾರನ ಸೇವೆಗೆ ನಿಂತ ಗೊರವರು ನಾಯಿಯಂತೆ ಬೊಗಳಿ, ದೋಣಿ ಎಂಬ ಬಟ್ಟಲಿನಲ್ಲಿ ತುಂಬಿದ ಎಡೆ ಉಣ್ಣುತ್ತಾರೆ. ಇಲ್ಲಿ ನಾಯಿಯೂ ದೋಣಿಯೂ ಒಟ್ಟಿಗೇ ಮನೆಗೆ ಬಂದಿದ್ದವು! ಬೆಳ್ಳಿ ನೇರ ದೇವರ ಗೂಡಿಗೆ ಹೋಯಿತು. ದೇವರ ಬೆಳ್ಳಿಯನ್ನು ಒಂಟಿ ಬಿಡಬಾರದೆಂದು ಅಂದಿನಿಂದ ಆ ಮನೆಗೆ ಬೀಗ ಬೀಳಲಿಲ್ಲ, ದೀಪ ಆರಲಿಲ್ಲ. ಉಳಿದವರು ಕುರಿ, ಹೊಲ ಎಂದು ಹೋಗುತ್ತಿದ್ದರು. ಸೊಸೆಯಾಗಿ ಬಂದ ಮೇಲೆ ಕಾಯಲು ಅಕ್ಕ ಇದ್ದಳಲ್ಲ.

"ಲೇ, ನಾಯಿ ಕಾಯಾಕೆ ಇನ್ನೊಂದು ನಾಯಿ ತಂದವ್ರೆ ನೋಡು," ಎಂದು ನಗುತ್ತಿದ್ದಳು. "ಇದನ್ನ ತಿಕ್ಕಿ ತಿಕ್ಕಿ ಸವೆಸ್ತೀನಿ. ಇದು ಹೋದ ದಿನ ನಾನೂ ಹೋಗ್ತೀನಿ."

ಒಮ್ಮೆ ಮದಕರಿಪುರದಲ್ಲಿ ಅವಳ ತಾಯಿ ಹಾಸಿಗೆ ಹಿಡಿದರು. ಮದಕರಿಪುರ ಏನು ದೂರ? ಹೋಗಿ ಸಂಜೆಗೆ ಬರಬಹುದಿತ್ತು. ದೀಪ ನಾನು ನೋಡಿಕೊಳ್ಳುತ್ತೇನೆ ಎಂದೆ.

"ನಿಮ್ಮನೆ ದೇವ್ರು ಬೇರೆ ಐತಲ್ಲಮ್ಮ," ಎಂದರು ಅವಳ ಅತ್ತೆ. "ಭಾನುವಾರ ದೋಣಿಗೆ ಎಡೆ ತುಂಬ್ಸಿ ಹೋಗ್ಲಿ ಬಿಡು."

ಶನಿವಾರವೇ ತಾಯಿ ತೀರಿಕೊಂಡ ಸುದ್ದಿ ಬಂತು. ಸೂತಕ ತಟ್ಟಿದವಳು ದೇವರ ದೀಪ ಮುಟ್ಟುವಂತಿಲ್ಲ. ಆಗ ಅತ್ತೆಯೇ, "ಹೊರಡು ತಾಯಿ, ಬೇಗ ಹೊರಡು," ಎಂದರು.

ಅಕ್ಕ ಹೊಸ್ತಿಲಲ್ಲಿ ನಿಂತು ನನ್ನತ್ತ ನೋಡಿದಳು. "ಈಗ ಯಾರ್ನ ಮಾತಾಡ್ಸಾಕೆ ಹೋಗ್ಲೇ?"

ಸೂತಕ ಕಳೆದ ಮೇಲೆ ಮರಳಿ ಬಂದಳು. ಮತ್ತೆ ವಿಭೂತಿ ಹಿಡಿದು ಕೂತಳು. ಆಮೇಲೆ ಆ ನಾಯಿಯ ಮಾತು ಆಡಿ ನಗಲಿಲ್ಲ. ದಿನಾ ತಿಕ್ಕುತ್ತಿದ್ದಳು...

ಮೊನ್ನೆ ಸೊಸೆ ದೋಣಿಯನ್ನು ನನ್ನ ಕೈಗೆ ಕೊಟ್ಟು, ಸವೆದ ಜಾಗ ತೋರಿಸಿ, "ಇಲ್ಲೇನಿತ್ತು ಚಿಕ್ಕಮ್ಮ?" ಎಂದಳು.

ಬೆರಳಾಡಿಸಿದೆ. ನಾಯಿಯ ಕಿವಿ, ಕಣ್ಣು, ಮೂತಿ ಎಲ್ಲ ಸವೆದು ನುಣ್ಣಗಾಗಿದ್ದವು. ಅಕ್ಕನೂ ಇಲ್ಲ. ಕೊರಳ ಪಟ್ಟಿ ಮಾತ್ರ ಇನ್ನೂ ಬೆರಳಿಗೆ ಸಿಗುತ್ತಿತ್ತು.