ಅಪ್ಪ ತಟ್ಟಿ ನೋಡಿದ ಹೆಡ್‌ಫೋನ್

ನಮ್ಮ ಮನೆಯಲ್ಲಿ ಹೆಡ್‌ಫೋನುಗಳು ಬಾಳಿ ಬದುಕಿದ್ದೇ ಇಲ್ಲ. ಒಂದರ ವೈರು ಪಿನ್ನಿನ ಬುಡದಲ್ಲೇ ಸತ್ತುಹೋಯಿತು. ಇನ್ನೊಂದರ ಕೀಲು ಮುರಿದು, ಟೇಪು ಸುತ್ತಿಸಿಕೊಂಡು ಒಂದಷ್ಟು ದಿನ ಕುಂಟಿ, ಆಮೇಲೆ ಕೈಕೊಟ್ಟಿತು. ಮತ್ತೊಂದರ ಕಿವಿಮೆತ್ತೆ ಸಿಪ್ಪೆ ಸುಲಿದುಕೊಂಡು ನನ್ನ ಕೆನ್ನೆಗೆಲ್ಲ ಕರಿ ಚೂರು ಅಂಟಿಸುತ್ತಿತ್ತು. ಅವ್ವ ಅದನ್ನು ಕಂಡಾಗಲೆಲ್ಲ, "ಅದೇನಮ್ಮಿ, ಮೊಕಕ್ಕ ಮಸಿ ಬಳ್ಕಂಡು ಕೂತಿದ್ದಿ" ಅನ್ನುವಳು. ಮಾಡಿದವರನ್ನೂ ಮಾರಿದವರನ್ನೂ ನಾನು ಮನಸಾರೆ ಬೈದಿದ್ದೇನೆ. ಬೈದು, ಮತ್ತೆ ಅಂಥದ್ದೇ ಅಗ್ಗದ್ದೊಂದನ್ನು ತಂದಿದ್ದೇನೆ.

ಹಾಡು ಕೇಳುವ ಶೋಕಿಗಲ್ಲ. ಜನ ಆಡಿದ ಮಾತನ್ನು ಕೇಳಿ ಅಕ್ಷರಕ್ಕಿಳಿಸುವುದು ನನ್ನ ಕೆಲಸ. ಮೊದಲು ಗುಂಡ್ಲುಪೇಟೆಯ ಒಂದು ಟೈಪಿಂಗ್ ಅಂಗಡಿಯಲ್ಲಿ ಅರ್ಜಿ, ಕರಾರುಪತ್ರ ಬಡಿಯುತ್ತಿದ್ದೆ. ಈಗ ಮನೆಯಲ್ಲೇ ಕೂತು, ಒಂದು ಕಂಪನಿಯವರು ಕಳಿಸುವ ಧ್ವನಿ ಫೈಲುಗಳನ್ನು ಕೇಳಿ ಟೈಪ್ ಮಾಡಿ ಕಳಿಸುತ್ತೇನೆ. ಹರವೆ ಕಡೆಯವರು ಅರಿಶಿನ ಬೇಯಿಸುವುದನ್ನು ವಿವರಿಸುತ್ತಾರೆ. ಪುಣಜನೂರಿನ ಮುದುಕಿಯೊಬ್ಬಳು ಹಿತ್ತಲಿಗೆ ಬಂದ ಆನೆಯನ್ನು ತನ್ನ ಸೊಸೆಯನ್ನು ಬೈದ ಹಾಗೆ ಬೈಯುತ್ತಾಳೆ. ನಮ್ಮ ಸೀಮೆಯ ಮಾತು ಹೊರಗಿನವರಿಗೆ ಅರ್ಧ ಹಿಡಿಯುವುದಿಲ್ಲ. ನನಗೆ ಹಿಡಿಯುತ್ತಿತ್ತು. ಅದಕ್ಕೇ ನನಗೆ ಈ ಕೆಲಸ ಸಿಕ್ಕಿತ್ತು.

ಹೋದ ವರ್ಷ ನನ್ನ ಫೈಲುಗಳು ವಾಪಸು ಬರತೊಡಗಿದವು. 'ಕೊನೆಯ ಪದ ತಪ್ಪಾಗಿದೆ', 'ಇಲ್ಲಿ ಮಾತು ಬಿಟ್ಟುಹೋಗಿದೆ' ಎಂದು ಕೆಂಪು ಗುರುತು. ನಾನು ಲಾರಿಗಳನ್ನು ದೂರಿದೆ. ನಮ್ಮದು ಊಟಿ ರಸ್ತೆಗೆ ಅಂಟಿಕೊಂಡ ಮನೆ. ಬಂಡೀಪುರದ ಕಾಡಿನ ಗೇಟು ರಾತ್ರಿ ಮುಚ್ಚುವುದರಿಂದ ತಡವಾಗಿ ಬಂದ ಲಾರಿಗಳೆಲ್ಲ ನಮ್ಮ ಕಡೆಯೇ ಬೀಡು ಬಿಡುತ್ತವೆ. ಬೆಳಗಾಗುತ್ತಲೇ ಒಟ್ಟಿಗೆ ಎದ್ದು, ಒಟ್ಟಿಗೆ ಹಾರನ್ ಹೊಡೆದು, ಒಟ್ಟಿಗೆ ಹೊರಡುತ್ತವೆ. ಆ ಗದ್ದಲದ ಮೇಲೆ ಮಾತು ಕೇಳಬೇಕೆಂದರೆ ವಾಲ್ಯೂಮನ್ನು ತುದಿಗೆ ಏರಿಸಬೇಕು. ವರ್ಷಗಟ್ಟಲೆ ಏರಿಸಿಕೊಂಡೇ ಕೂತಿದ್ದೆ.

ಕೊನೆಗೆ ಚಾಮರಾಜನಗರದ ಕಿವಿ ಡಾಕ್ಟರ ಹತ್ತಿರ ಹೋದೆ. ಅವರು ನನ್ನನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಬೆರಳೆತ್ತಲು ಹೇಳಿದರು. ಬಹಳ ಹೊತ್ತು ನನ್ನ ಬೆರಳು ಏಳದೇ ಇದ್ದಾಗ, ಸದ್ದು ಇನ್ನೂ ಶುರುವಾಗಿಲ್ಲ ಅಂದುಕೊಂಡಿದ್ದೆ. ಗಾಜಿನಾಚೆ ಅವರ ಮುಖ ನೋಡಿದ ಮೇಲೆ ಗೊತ್ತಾಯಿತು.

"ಎರಡೂ ಕಿವಿಯಲ್ಲಿ ಸಣ್ಣ ಸದ್ದುಗಳು ಹೋಗಿವೆ. ಹೋದದ್ದು ಬರುವುದಿಲ್ಲಮ್ಮ, ಉಳಿದದ್ದನ್ನು ಉಳಿಸಿಕೊಳ್ಳಿ" ಎಂದರು. ಕಿವಿಯೊಳಗೆ ತುರುಕುವಂಥದ್ದು ಬೇಡ, ಕಿವಿಯನ್ನು ಪೂರ್ತಿ ಮುಚ್ಚಿ ಕೂರುವ, ಬಟ್ಟಲಿನ ಹಿಂಬದಿ ಬಂದ್ ಆಗಿರುವ ಹೆಡ್‌ಫೋನ್ ಕೊಳ್ಳಿ. ಹೊರಗಿನ ಸದ್ದು ಬರದಿದ್ದರೆ ಕಡಿಮೆ ವಾಲ್ಯೂಮಿನಲ್ಲೇ ಕೇಳಬಹುದು ಎಂದೂ ಹೇಳಿದರು. ಮನೆಗೆ ಬಂದು, ಕೆಲಸಕ್ಕೆ ಒಂದು ಗಟ್ಟಿ ಹೆಡ್‌ಫೋನ್ ಬೇಕು ಎಂದಷ್ಟೇ ಹೇಳಿದೆ. ಕಿವಿಯ ವಿಷಯ ಬಾಯಿ ಬಿಡಲಿಲ್ಲ. ನನಗೆ ಭಯವಾಗಿತ್ತು, ಕೆಲಸ ಹೋಗುತ್ತದೆ ಎಂಬುದಕ್ಕಿಂತ ಹೆಚ್ಚಾಗಿ ಅಪ್ಪನ ಹಾಗಾಗುತ್ತೇನೆ ಎಂದು.

ಅಪ್ಪನಿಗೆ ಕಿವಿ ಕೇಳುವುದಿಲ್ಲ. ಚಾಮರಾಜನಗರ ಸೀಮೆಯ ಕರಿಕಲ್ಲಿನ ಕ್ವಾರಿಗಳಲ್ಲಿ ಅವನ ಆಯುಷ್ಯ ಸವೆದದ್ದು. ಅವನ ಕೆಲಸ ಕಲ್ಲು ಒಡೆಯುವುದಕ್ಕಿಂತ ಕಲ್ಲು ಕೇಳುವುದು. ಬಂಡೆಯನ್ನು ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಲ್ಲು 'ಟಣ್' ಅನ್ನುತ್ತದೆ, ಒಳಗೆ ಬಿರುಕಿದ್ದರೆ 'ಡಬ್' ಅನ್ನುತ್ತದೆ. ಎರಡರ ನಡುವೆ ಇನ್ನೂ ಎಷ್ಟೋ ದನಿಗಳಿವೆಯಂತೆ. ನಾನು ಚಿಕ್ಕವಳಿದ್ದಾಗ ಒಂದು ಭಾನುವಾರ ಕರೆದುಕೊಂಡು ಹೋಗಿ, ಬಂಡೆಗೆ ನನ್ನ ಕಿವಿ ಹಚ್ಚಿಸಿ, ಆ ತುದಿಯಲ್ಲಿ ತಾನು ತಟ್ಟಿದ್ದ. "ಈಗ ಕೇಳ್ತಾ? ದನಿ ಬಾಲ ಎಳದಂಗೆ ಓಯ್ತದಲ್ಲ, ಅದು ಗಟ್ಟಿ." ಮಾತಿನ ಕೊನೆಯವರೆಗೂ ಕಿವಿಗೊಡುವುದನ್ನು ನಾನು ಕಲಿತದ್ದು ಅಲ್ಲಿ ಎಂದು ಈಗಲೂ ನಂಬಿದ್ದೇನೆ.

ಕ್ವಾರಿಯಲ್ಲಿ ಕಿವಿಗೆ ಹಾಕಿಕೊಳ್ಳಲು ದಪ್ಪ ಮುಚ್ಚಳ ಕೊಟ್ಟಿದ್ದರು. ಸ್ಟೀಲಿನ ಪಟ್ಟಿ, ಎರಡು ಕಡೆ ಹಳದಿ ಬಟ್ಟಲು. ಅಪ್ಪ ಅದನ್ನು ಹಾಕಿಕೊಳ್ಳಲೇ ಇಲ್ಲ. ಅವನೊಬ್ಬನೇ ಅಲ್ಲ, ಕಲ್ಲು ತಟ್ಟುವವರು ಯಾರೂ ಹಾಕಿಕೊಳ್ಳುತ್ತಿರಲಿಲ್ಲ. ಕಿವಿ ಮುಚ್ಚಿಕೊಂಡರೆ ಬಿರುಕು ಕೇಳುವುದು ಹೇಗೆ? ಪಕ್ಕದಲ್ಲೇ ಡ್ರಿಲ್ಲಿಂಗ್ ಮಿಷನ್ ಕೂಗುತ್ತಿದ್ದರೂ ಬರಿಗಿವಿಯಲ್ಲಿ ನಿಂತು ಕಲ್ಲಿನ ದನಿ ಆರಿಸುತ್ತಿದ್ದರು. ಕಿವಿಯನ್ನು ನಂಬಿ ಬದುಕಿದ್ದವರು ಕಿವಿಯನ್ನೇ ಕೈಯಾರೆ ಕಳೆದುಕೊಂಡರು. ಹಳದಿ ಮುಚ್ಚಳ ಮನೆಗೆ ಬಂತು. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವಾಗ ಮಂಜಿನ ಚಳಿಗೆ ಅದನ್ನು ನನ್ನ ತಲೆಗೆ ಸಿಕ್ಕಿಸುತ್ತಿದ್ದರು. ದೇವರ ಮುಂದೆ ಗಂಟೆ ಹೊಡೆದರೂ ನನಗೆ ಕೇಳದೆ, ಎಲ್ಲರೂ ಕೈ ಮುಗಿದ ಮೇಲೆ ನಾನು ಮುಗಿಯುತ್ತಿದ್ದೆ. ಅದು ಈಗಲೂ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಒಂದು ಕೀಲೂ ಸಡಿಲವಾಗಿಲ್ಲ.

ಕಿವಿ ಹೋದ ಮೇಲೆ ಅಪ್ಪನ ಹತ್ತಿರ ಮೊದಮೊದಲು ಎಲ್ಲರೂ ಕೂಗಿ ಹೇಳುತ್ತಿದ್ದರು. ಆಮೇಲೆ ಎರಡು ಮಾತಿನ ಜಾಗದಲ್ಲಿ ಒಂದು ಮಾತು ಹೇಳಿದರು. ಈಗ ಅವನು "ಏನಂದ್ರಿ?" ಎಂದರೆ ಮನೆಗೆ ಬಂದ ನೆಂಟರೂ, ಅವ್ವನೂ, ನಾನೂ ಹೇಳುವುದು ಒಂದೇ: "ಏನಿಲ್ಲ ಬುಡು." ಅಷ್ಟು ಹೇಳಿ ಮತ್ತೆ ನಮ್ಮ ನಮ್ಮಲ್ಲೇ ಮಾತಿಗೆ ತೊಡಗುತ್ತೇವೆ. ಅವನು ಸ್ವಲ್ಪ ಹೊತ್ತು ನಮ್ಮ ಬಾಯಿಗಳನ್ನೇ ನೋಡುತ್ತಾನೆ, ಆಮೇಲೆ ಎದ್ದು ಹೊರಗೆ ಹೋಗಿ ಜಗಲಿಯಲ್ಲಿ ಕೂರುತ್ತಾನೆ. ಇದು ತಪ್ಪೆಂದು ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ.

ಹೆಡ್‌ಫೋನ್ ತರಲು ಹೊರಟಾಗ ತಾನೂ ಬರುತ್ತೇನೆಂದು ಅಪ್ಪ ಅಂಗಿ ಹಾಕಿಕೊಂಡ. "ನಿಂಗ ಗಟ್ಟಿ ಯಾವ್ದು, ಪೊಳ್ಳು ಯಾವ್ದು ಅಂತ ಗೊತ್ತಾಗಕಿಲ್ಲ ಕಣಮ್ಮಿ. ಬಣ್ಣ ನೋಡಿ ತಕಬುಡ್ತಿ" ಎಂದ. ಮೊಳೆಯಲ್ಲಿದ್ದ ಹಳದಿ ಮುಚ್ಚಳವನ್ನೂ ಚೀಲಕ್ಕೆ ಹಾಕಿಕೊಂಡ. ಗುಂಡ್ಲುಪೇಟೆಯ ಮೊಬೈಲ್ ಅಂಗಡಿಗಳಲ್ಲಿ ಕಿವಿಗೆ ತುರುಕುವಂಥವೇ ಇದ್ದವು. ಚಾಮರಾಜನಗರದ ಬಸ್ಸು ಹಿಡಿದೆವು.

ಅಲ್ಲಿ ಅಂಗಡಿಯವನು ಒಂದರ ಮೇಲೊಂದು ಡಬ್ಬಿ ಬಿಚ್ಚಿದ. ಎಲ್ಲವೂ ವೈರಿಲ್ಲದವು, ಮಿರಿಮಿರಿ ಮಿಂಚುವವು. ಒಂದನ್ನು ನನ್ನ ಕಿವಿಗೇರಿಸಿ ಸಿನಿಮಾ ಹಾಡು ಹಾಕಿದ. ಡೊಳ್ಳು ತಲೆಯೊಳಗೆ ಕುಣಿಯಿತು.

"ಬೇಸ್ ನೋಡಿ ಮೇಡಂ, ಎದೆ ನಡುಗ್ತದ" ಎಂದ.

ಎದೆ ಆಗಲೇ ನಡುಗುತ್ತಿದೆ, ನನಗೆ ಮಾತು ಕೇಳಬೇಕು ಎಂದೆ. ನನ್ನ ಫೋನಿನಲ್ಲಿದ್ದ ಪುಣಜನೂರಿನ ಮುದುಕಿಯ ಫೈಲು ಹಾಕಿದೆ. ಡೊಳ್ಳಿಗೆಂದು ಮಾಡಿದ್ದರಲ್ಲಿ ಅವಳ ಬೈಗುಳ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗಿತ್ತು. ಬ್ಯಾಟರಿ ಸತ್ತರೆ ಬದಲಾಯಿಸಬಹುದೇ ಎಂದು ಕೇಳಿದೆ. ಇಲ್ಲ, ಹೊಸದೇ ತಗೋಬೇಕು ಎಂದ. ಮೆತ್ತೆ ಹೋದರೆ? ಅದಕ್ಕೂ ಹೊಸದೇ. ನನಗೆ ಸಿಟ್ಟು ಬಂತು. ಪ್ರತಿ ವರ್ಷ ಹೊಸದು ಕೊಳ್ಳುವಷ್ಟು ಇದ್ದಿದ್ದರೆ ನಾನು ಬಸ್ಸು ಹತ್ತಿ ಇಷ್ಟು ದೂರ ಬರುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಅಪ್ಪ ಚೀಲದಿಂದ ಹಳದಿ ಮುಚ್ಚಳ ತೆಗೆದು ಗಾಜಿನ ಮೇಲಿಟ್ಟ. "ಇಂತದು ಕೊಡಪ್ಪ. ಒಳಗ ಮಾತು ಬರ್ಬೇಕು, ಅಷ್ಟೇಯ."

ಅಂಗಡಿಯವನು ನಕ್ಕ. ಆದರೂ ಮೇಲಿನ ಅಟ್ಟಕ್ಕೆ ಕೈ ಹಾಕಿ, ಧೂಳು ಹಿಡಿದ ಒಂದು ಡಬ್ಬಿ ಇಳಿಸಿದ. ವೈರಿನದ್ದು, ಕಪ್ಪು, ದಪ್ಪ, ನೋಡಲು ಒಂದಿಷ್ಟೂ ಚೆಂದವಿಲ್ಲ. ಈಗ ಯಾರೂ ವೈರಿನದ್ದು ಕೇಳುವುದಿಲ್ಲ, ಹಳೇ ಸ್ಟಾಕು, ಬೆಲೆ ಇಳಿಸಿ ಕೊಡುತ್ತೇನೆ ಎಂದ. ಅಪ್ಪ ಅದನ್ನು ಕೈಗೆತ್ತಿಕೊಂಡು ಎರಡು ಬಟ್ಟಲುಗಳನ್ನೂ ಹಿಡಿದು ಅಗಲಕ್ಕೆ ಎಳೆದ.

"ಯಜಮಾನ್ರೇ, ಮುರ್ದುಬುಡ್ತೀರಿ" ಎಂದು ಅಂಗಡಿಯವನು ಗಾಬರಿಯಾದ.

ಅಪ್ಪನಿಗೆ ಕೇಳಿಸಿರಲಾರದು, ಮುಖ ನೋಡಿ ತಿಳಿದುಕೊಂಡ. "ಮುರಿಯಂಗಿದ್ರ ಇಲ್ಲೇ ಮುರೀಲಿ ಬುಡಪ್ಪ. ಮನಗ ಓಗಿ ಮುರದ್ರ ಯಾರ್ನ ಕೇಳದು?" ಎಂದ. ಮುರಿಯಲಿಲ್ಲ. ಪಟ್ಟಿಯ ಒಳಗೆ ಸ್ಟೀಲು ಇತ್ತು. ಮೆತ್ತೆಗಳನ್ನು ಕಿತ್ತು ಮತ್ತೆ ಕೂರಿಸಿದ. ವೈರನ್ನು ಎಳೆದಾಗ ಅದು ಬುಡದಿಂದ ಕಳಚಿಕೊಂಡು ಬಂತು. ಹಾಳಾದರೆ ವೈರೊಂದನ್ನೇ ಬದಲಾಯಿಸಬಹುದು. ಬಟ್ಟಲಿನ ಮೇಲಿದ್ದ ಸ್ಕ್ರೂಗಳನ್ನು ಉಗುರಿನಿಂದ ತಡವಿ, "ಸ್ಕ್ರೂ ಕಾಣ್ತದ. ಬಿಚ್ಚಕಾದ್ರ ಬಾಳ್ತದ" ಎಂದ. ಕೊನೆಗೆ ಬಟ್ಟಲನ್ನು ಗದ್ದಕ್ಕೆ ಒತ್ತಿಕೊಂಡು ಬೆರಳಗಂಟಿನಿಂದ ಒಂದೊಂದಾಗಿ ತಟ್ಟಿದ. ಕಿವಿಯಲ್ಲಿ ಕೇಳದ್ದನ್ನು ಮೂಳೆಯಲ್ಲಿ ಕೇಳುತ್ತಿದ್ದ. ಅಷ್ಟು ಜನರ ನಡುವೆ ಅಪ್ಪ ಕಣ್ಣು ಮುಚ್ಚಿ ಒಂದು ಪ್ಲಾಸ್ಟಿಕ್ ಬಟ್ಟಲನ್ನು ಆಲಿಸುತ್ತ ನಿಂತಿದ್ದನ್ನು ನೋಡಿ ನನಗೆ ಹೆಮ್ಮೆಯಾಯಿತು, ಸಂಕಟವೂ ಆಯಿತು.

ಅಂಗಡಿಯವನು ನನ್ನ ಕಡೆ ಬಾಗಿ, "ತಾತಂಗೆ ಕಿವಿ ಕೇಳಲ್ವಾ ಮೇಡಂ? ಹೆಡ್‌ಫೋನ್ ಆರಿಸಕ್ಕೆ ಕಿವುಡರನ್ನ ಕರ್ಕಂಡು ಬಂದಿದ್ದೀರಲ್ಲ" ಎಂದು ನಕ್ಕ. ಕೆಟ್ಟ ಮನುಷ್ಯನೇನಲ್ಲ, ಬಾಯಿಗೆ ಬಂದದ್ದು ಆಡಿದ. ಪಕ್ಕದಲ್ಲಿ ಫೋನು ನೋಡುತ್ತಿದ್ದವರೂ ನಕ್ಕರು.

ಅಪ್ಪ ಕಣ್ಣು ಬಿಟ್ಟು ಎಲ್ಲರ ಮುಖ ನೋಡಿದ. "ಏನಂತವ್ನೆ?" ಎಂದು ನನ್ನನ್ನು ಕೇಳಿದ.

"ಏನಿಲ್ಲ ಬುಡಪ್ಪ" ಎಂದೆ.

ಬಸ್ಸಿನಲ್ಲಿ ಬರುವಾಗ ಅವನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದ. ಡಬ್ಬಿ ಮಾತ್ರ ಅವನ ತೊಡೆಯ ಮೇಲೇ ಇತ್ತು. ನಾನು ಕೇಳಿದರೂ ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ ಲಾರಿಗಳು ಏಳುವ ಹೊತ್ತಿಗೆ ಹೆಡ್‌ಫೋನ್ ಏರಿಸಿಕೊಂಡು ಕೂತೆ. ಊಟಿ ರಸ್ತೆ ಯಾರೋ ಒರೆಸಿಹಾಕಿದ ಹಾಗೆ ಮಾಯವಾಯಿತು. ಅವ್ವ ಅಡುಗೆಮನೆಯಲ್ಲಿ ಮಾಡುತ್ತಿದ್ದ ಪಾತ್ರೆಯ ಸದ್ದೂ ಇಲ್ಲ. ವಾಲ್ಯೂಮನ್ನು ಡಾಕ್ಟರು ಹೇಳಿದಷ್ಟಕ್ಕೇ ಇಟ್ಟು, ಪುಣಜನೂರಿನ ಮುದುಕಿಯ ಫೈಲನ್ನು ಮೊದಲಿನಿಂದ ಹಾಕಿದೆ. ಅವಳ ಉಸಿರು ಕೇಳಿತು. ಎಲೆ ಅಡಿಕೆ ಅಗಿಯುವುದು ಕೇಳಿತು. ಆನೆಯನ್ನು ಬೈಯುವುದು ಕೇಳಿತು. ಮಾತಿನ ಕೊನೆ ಕೇಳಲಿಲ್ಲ.

ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಮಾತು ಶುರುವಾಗುತ್ತಿತ್ತು, ನಡೆಯುತ್ತಿತ್ತು, ತುದಿಯಲ್ಲಿ ಕರಗಿಹೋಗುತ್ತಿತ್ತು. ಇನ್ನು ದೂರಲು ಲಾರಿಗಳಿರಲಿಲ್ಲ. ಹರಕು ವೈರಿರಲಿಲ್ಲ. ಅಪ್ಪ ಆರಿಸಿದ್ದು ಗಟ್ಟಿ ಮಾಲೇ, ಬಿರುಕು ಇದ್ದದ್ದು ನನ್ನಲ್ಲಿ. ವಾಲ್ಯೂಮಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಏರಿಸಲೂ ಆಗದೆ ಸುಮ್ಮನಿರಲೂ ಆಗದೆ ಅಳು ಬಂತು.

ತಲೆ ಎತ್ತಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದ. ಬಾಯಿ ಆಡುತ್ತಿತ್ತು. ಎಷ್ಟು ಹೊತ್ತಿನಿಂದ ಮಾತಾಡುತ್ತಿದ್ದನೋ. ಅವಸರದಲ್ಲಿ ಹೆಡ್‌ಫೋನ್ ತೆಗೆದು, "ಏನಪ್ಪ?" ಎಂದೆ.

ಅವನು ನನ್ನನ್ನೂ ನನ್ನ ಕೈಯಲ್ಲಿದ್ದುದನ್ನೂ ನೋಡಿದ. "ಏನಿಲ್ಲ ಬುಡು" ಎಂದು ಹೊರಟುಹೋದ.

ಆ ಎರಡು ಮಾತು ಹೇಳುವವರ ಬಾಯಿಗೆ ಎಷ್ಟು ಹಗುರ. ಕೇಳಿಸಿಕೊಂಡ ನನಗೆ ಮನೆಯಿಂದ ಹೊರಗೆ ಹಾಕಿ ಕದ ಮುಚ್ಚಿದ ಹಾಗಾಯಿತು. ಎದ್ದು ಹಿಂದೆಯೇ ಹೋದೆ. ಜಗಲಿಯಲ್ಲಿ ಅವನ ಎದುರಿಗೆ ನಿಂತು, ಬಾಯಿ ಕಾಣುವ ಹಾಗೆ, "ಏನಂದೆ? ಹೇಳು" ಎಂದೆ.

"ನೆನ್ನ ಅಂಗ್ಡಿಯವ ಏನೋ ಅಂದು ನಗಾಡುದ್ನಲ್ಲ. ಏನಂದ ಅಂತ ಕೇಳ್ದೆ, ಅಷ್ಟೇಯ."

ಅವನ ಪಕ್ಕ ಕೂರಲಿಲ್ಲ, ಎದುರಿಗೇ ಕೂತೆ. ಅಂಗಡಿಯವನು ಅಂದದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅರ್ಥವಾಗದ್ದನ್ನು ಮತ್ತೆ ಹೇಳಿದೆ. ಕೊನೆಗೆ ಅವನು ತಲೆದೂಗಿ, "ಅದ್ಕ ಯಾಕ ಮುಚ್ಚಿಟ್ಟಿ? ಸರ್ಯಾಗೇ ಅಂದವ್ನೆ" ಎಂದು ಸಣ್ಣಗೆ ನಕ್ಕ. ನಾನೂ ನಗಲು ನೋಡಿದೆ.

ಲಾರಿಯೊಂದು ಹಾರನ್ ಹೊಡೆದುಕೊಂಡು ಹೋಯಿತು. ಅಪ್ಪ ಆ ಸದ್ದಿನ ನಡುವೆಯೇ ಇನ್ನೇನೋ ಹೇಳಿದ. ನನಗೆ ಕೇಳದೆ ಅವನ ತುಟಿಗಳನ್ನೇ ನೋಡುತ್ತಿದ್ದೆ. ಅವನು ಮಾತು ನಿಲ್ಲಿಸಿದ. ನನ್ನ ಕಣ್ಣು ಎಲ್ಲಿ ನೋಡುತ್ತಿದೆ ಎಂದು ನೋಡಿದ.

"ಅಮ್ಮಿ, ನೀನೂ ಬಾಯ ನೋಡಕ ಸುರು ಮಾಡಿದ್ದಿ" ಎಂದ. "ಯಾವಾಗಿಂದ?"

ಏನಿಲ್ಲ ಬುಡಪ್ಪ ಎಂಬುದು ತಾನೇ ತಾನಾಗಿ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ಅವನಿಗೆ ಕಾಣುವಂತೆ ಮುಖ ಎತ್ತಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.