ಒಂದು ಮೊಳ, ಮೇಲೊಂದು ಗೇಣು

ವಿಜಯನಗರದ ಮಾರ್ಕೆಟ್ಟಿನಲ್ಲಿ ನಾನೂ ನನ್ನ ಗಂಡನೂ ಹೂವು ಮಾರುತ್ತಿದ್ದೆವು. ಕಟ್ಟುವುದು ನಾನು, ಅಳೆಯುವುದು ಅವನು. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ. ಅವನ ಕೈ ಉದ್ದ, ಅದಕ್ಕೇ ಹೆಂಗಸರು ನಮ್ಮ ಬುಟ್ಟಿಗೇ ಬರುತ್ತಿದ್ದರು. ವ್ಯಾಪಾರ ಮುಗಿಯುವ ಹೊತ್ತಿಗೆ ಒಂದು ಮೊಳ ಅಳೆದು, ಮೇಲೊಂದು ಗೇಣು ಬಿಟ್ಟು ಕತ್ತರಿಸಿ, "ಲೇ, ಮುಡ್ಕೊಳೇ" ಅಂತ ನನ್ನ ಮಡಿಲಿಗೆ ಎಸೆಯುತ್ತಿದ್ದ. ಹೆಸರು ಹಿಡಿದು ಕರೆದವನಲ್ಲ.

ಅವನಿಗೆ ಏಡ್ಸ್ ಇತ್ತು. ಅವನಿಂದ ಎಚ್‌ಐವಿ ನನಗೂ ಬಂತು. ಇಬ್ಬರೂ ಮಾತ್ರೆ ನುಂಗುತ್ತಿದ್ದೆವು. ಮೈ ತುಂಬಿಕೊಂಡ ಮೇಲೆ ಇನ್ನೇಕೆ ಅಂತ ಅವನು ನನಗೆ ಹೇಳದೆ ಮಾತ್ರೆ ಬಿಟ್ಟುಬಿಟ್ಟ. ಆಮೇಲೆ ಮಾತು ಎಳೆಯತೊಡಗಿದ, ಕಾಲು ತಡವರಿಸಿತು, ಅಳೆದದ್ದನ್ನೇ ಮತ್ತೆ ಅಳೆದ. ಕುಡಿದಿದ್ದಾನೆ ಅಂತ ಪಕ್ಕದ ಹಣ್ಣಿನವಳು ನಕ್ಕಳು. ನಾನು ದೃಷ್ಟಿ ಅಂದುಕೊಂಡು ನಿಂಬೆಹಣ್ಣು ನಿವಾಳಿಸಿದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಲೆಯ ಫೋಟೋ ತೆಗೆಸಿ, ಬೆನ್ನಿನ ನೀರು ಪರೀಕ್ಷೆ ಮಾಡಿಸಿ, ವೈರಸ್ಸು ಮಿದುಳಿಗೇ ಹೋಗಿದೆ ಅಂದರು. ಮಾತ್ರೆ ಮತ್ತೆ ಶುರು ಮಾಡಿದರೆ ಸ್ವಲ್ಪ ಸುಧಾರಿಸಬಹುದು, ಎಲ್ಲವೂ ವಾಪಸ್ಸು ಬರುತ್ತೆ ಅಂತ ಹೇಳಲಾರೆ ಅಂದರು. ನನ್ನ ಗುರುತು ಹಿಡಿದರೆ ಸಾಕು ಅಂದೆ.

ದಿನಾ ನಾನೇ ನಿಂತು ನುಂಗಿಸಿದೆ. ಕಾಲು ತಡವರಿಸುವುದು ನಿಂತಿತು. ಕೈಗೆ ಅಳತೆ ಬಂತು. ಬುಟ್ಟಿಯ ಮುಂದೆ ಕೂರಿಸಿದೆ. ಅವನು ನನ್ನ ಮುಖ ನೋಡಿದ.

"ಎಷ್ಟು ಮೊಳ ಕೊಡ್ಲಮ್ಮ?"

ಹೂವಿನವಳಿಗೇ ಹೂವು ಮಾರುವವನಿಗೆ ಏನು ಹೇಳುವುದು. "ಒಂದು ಮೊಳ ಕೊಡಣ್ಣ" ಅಂದೆ. ಕಟ್ಟಿಕೊಂಡ ಗಂಡನನ್ನು ಅಣ್ಣ ಅಂದೆನಲ್ಲ ಅಂತ ಹಣ್ಣಿನವಳು ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ನಿನ್ ಗಂಡಂಗೆ ನಿನ್ ಗುರ್ತಿದೆ ಕಣೇ, ಅದಕ್ಕೇ ನಗ್ತೀಯ" ಅಂದೆ. ಸೆರಗು ಬಿಟ್ಟು ಹಣ್ಣು ಜೋಡಿಸತೊಡಗಿದಳು.

ಅವನು ಒಂದು ಮೊಳ ಅಳೆದ. ಮೇಲೊಂದು ಗೇಣು ಬಿಟ್ಟು ಕತ್ತರಿಸಿದ.

"ಜಾಸ್ತಿ ಆಯ್ತಲ್ಲಣ್ಣ."

"ಇರ್ಲಿ, ಮುಡ್ಕೊಳಮ್ಮ. ನಮ್ಮನೇವ್ಳಿಗೂ ಇಷ್ಟೇ ಕೊಡೋದು."

ಅವಳೆಲ್ಲಿ ಅಂತ ಕೇಳಿದೆ. ಮನೆಗೆ ಹೋಗಿದ್ದಾಳೆ, ಬರ್ತಾಳೆ ಅಂದ. ಹಾಗಂದು ರಸ್ತೆಯ ಕಡೆ ನೋಡುತ್ತಾ ಕೂತ. ನಾನೂ ಅತ್ತಲೇ ನೋಡಿದೆ.

ಇರುವ ತನಕ ದಿನಾ ಆ ಹೂವು ಕೊಟ್ಟ. ಅಮ್ಮ ಅಂತಲೇ ಕೊಟ್ಟ. ಆಮೇಲೊಮ್ಮೆ ಜ್ವರ ಬಂದು ಹೋದ.

ಈಗ ಕಟ್ಟುವುದೂ ಅಳೆಯುವುದೂ ನಾನೇ. ನನ್ನ ಮೊಳ ಗಿಡ್ಡ ಅಂತ ಹೆಂಗಸರು ಗೊಣಗುತ್ತಾರೆ. ಹಿಂದಿನಿಂದ ಯಾವ ಗಂಡಸು "ಲೇ" ಅಂದರೂ ತಲೆ ಎತ್ತುತ್ತೇನೆ. ಮಾರ್ಕೆಟ್ಟಲ್ಲವೇ, ದಿನವಿಡೀ ಅನ್ನುತ್ತಾರೆ. ದಿನವಿಡೀ ಎತ್ತುತ್ತೇನೆ.