ಓಣಿಗೆ ಅಡ್ಡ ಕಟ್ಟಿದ ಬಿದಿರು

ಕೊರೊನಾ ಬಂದು ಮುಖಕ್ಕೆ ಮಾಸ್ಕ್ ಹಾಕಿಸಿದ್ದರಿಂದ ನನಗೆ ಒಂದು ಉಪಕಾರವಾಯಿತು: ಎದುರಿಗೆ ಸಿಕ್ಕಿದವರಿಗೆಲ್ಲ ನಗಬೇಕಾದ ಕರ್ಮ ತಪ್ಪಿತು. ಎಪ್ಪತ್ತು ದಾಟಿದವಳಿಗೆ ಅದೇನು ಸಣ್ಣ ವಿಶ್ರಾಂತಿಯೇ? ಮಾಸ್ಕಿನ ಮರೆಯಲ್ಲಿ ಮೂತಿಯನ್ನು ಎಷ್ಟು ಬೇಕಾದರೂ ಸೊಟ್ಟ ಮಾಡಬಹುದು. ಕಾಪುವಿನ ನಮ್ಮ ಓಣಿಯಲ್ಲಿ ಅದಕ್ಕೆ ಕಾರಣಗಳ ಬರವಿರಲಿಲ್ಲ.

ಓಣಿಯ ಸಮಿತಿಗೆ ಸದಾನಂದ ಅಧ್ಯಕ್ಷ. ಶಾಲೆಯಲ್ಲಿ ನನ್ನ ವಿದ್ಯಾರ್ಥಿ. ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು ಎಂದು ಕೊನೆಗೂ ತಿಳಿಯದೆ ಹೋದವನು. ಈಗ ವಾಟ್ಸಾಪಿನಲ್ಲಿ ಎಲ್ಲರ ಪ್ರಾಣ ಉಳಿಸಲು ಹೊರಟಿದ್ದ. ಬೆಳಿಗ್ಗೆ ಅರಸಿನದ ಕಷಾಯ, ಮಧ್ಯಾಹ್ನ ಬೆಳ್ಳುಳ್ಳಿಯ ಕಷಾಯ, ಸಂಜೆ ಇವೆರಡೂ ವಿಷವೆಂಬ ಎಚ್ಚರಿಕೆ. ಮಲ್ಪೆಯ ಮೀನಿನಿಂದ ರೋಗ ಹರಡುತ್ತದೆ ಎಂದು ಸಾರಿದವನೂ ಅವನೇ. ಅವನ ಅಡುಗೆಮನೆಯಿಂದ ಬಂಗುಡೆ ಹುರಿಯುವ ವಾಸನೆ ಮಾತ್ರ ನಿಲ್ಲಲಿಲ್ಲ. ಕೊನೆಗೆ ಹೊರಗಿನವರು ಬಾರದಂತೆ ಓಣಿಯ ಬಾಯಿಗೆ ಒಂದು ಬಿದಿರನ್ನು ಅಡ್ಡ ಕಟ್ಟಿಸಿದ.

ಆ ಹೊತ್ತಿಗೆ ಪಕ್ಕದ ಮನೆಯ ಜಲಜ ಮುಂಬಯಿಯಿಂದ ಬಂದಳು. ನನ್ನದೇ ಪ್ರಾಯದವಳು, ಒಂಟಿ. ತಂಗಿಯ ಆರೈಕೆಗೆಂದು ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದಳು. ತಂಗಿ ಉಳಿಯಲಿಲ್ಲ, ಮುಖ ನೋಡುವುದಕ್ಕೂ ಇವಳನ್ನು ಬಿಡಲಿಲ್ಲ. ಕಾರ್ಕಳದ ಹಾಸ್ಟೆಲೊಂದರಲ್ಲಿ ಕ್ವಾರಂಟೈನ್ ಮುಗಿಸಿ, ರೋಗವಿಲ್ಲವೆಂದು ಖಚಿತವಾದ ಮೇಲೆ ರಿಕ್ಷಾದಲ್ಲಿ ಬಂದಿಳಿದರೆ, ಎದುರಿಗೆ ಬಿದಿರು. ಬಿದಿರಿನ ಹಿಂದೆ ಸದಾನಂದ.

ಗಲಾಟೆ ಕೇಳಿ ನಾನು ಹೋದೆ.

"ಟೀಚರೇ, ಹತ್ತಿರ ಬರಬೇಡಿ. ಮುಂಬಯಿಯವರನ್ನು ಒಳಗೆ ಬಿಡ್ಲಿಕ್ಕಿಲ್ಲ. ರೂಲ್ಸ್ ಉಂಟು."

"ಯಾರು ಮಾಡಿದ ರೂಲ್ಸ್?"

"ನಾವೇ, ಟೀಚರೇ."

"ಮತ್ತೆ ಅವಳು ಎಲ್ಲಿಗೆ ಹೋಗುವುದು ಮಾರಾಯ?"

"ಅದು ಸಮಿತಿಯಲ್ಲಿ ಚರ್ಚೆ ಆಗಬೇಕಷ್ಟೆ."

ಜಲಜ ಬಟ್ಟೆಯ ಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಹಗ್ಗ ಬಿಚ್ಚಿ ಬಿದಿರನ್ನು ಎತ್ತಿದೆ. ಸೊಂಟ ನನ್ನನ್ನು ಚೆನ್ನಾಗಿ ಬೈಯಿತು. ನಾನು ಅವಳ ಕೈ ಹಿಡಿದದ್ದು ನೋಡಿದ್ದೇ ಊರು ಕಾಯುವ ಅಧ್ಯಕ್ಷ ಒಂದು ಮಾರು ಹಿಂದಕ್ಕೆ ಹಾರಿದ. ಆ ಸ್ಥಿತಿಯಲ್ಲಿ ಒಬ್ಬಳನ್ನೇ ಬಿಡುವುದು ಹೇಗೆ? ನನ್ನ ಮನೆಗೇ ಕರೆದೊಯ್ದೆ. ಬಾಗಿಲು ಹಾಕಿದ ಮೇಲೆ ಅವಳು ನನ್ನ ಹೆಗಲಿಗೊರಗಿ ಅತ್ತಳು.

ಸಂಜೆಯೊಳಗೆ ನನ್ನನ್ನು ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿದರು. ಕಷಾಯಗಳಿಂದ ಮುಕ್ತಿ! ಹಾಲಿನವನನ್ನೂ ತಡೆದರು, ಕರಿ ಚಹಾ ಕುಡಿದೆವು. ಕನ್ನಡದಲ್ಲಿ ಅಂಟು-ನಂಟು ಎಂಬ ಜೋಡಿ ಪದವುಂಟು. ಒಬ್ಬರಿಗೊಬ್ಬರು ಅಂಟಿಕೊಂಡರೆ ತಾನೆ ನಂಟು? ನಮ್ಮ ಓಣಿಯವರು ಅಂಟಿಗೆ ಹೆದರಿ ನಂಟನ್ನೂ ಸಾಬೂನು ಹಾಕಿ ತೊಳೆದುಬಿಟ್ಟಿದ್ದರು.

ಕೆಲವು ವಾರಗಳಲ್ಲಿ ಸದಾನಂದನಿಗೇ ಕಾಯಿಲೆ ಬಂತು. ಹೆಂಡತಿ ಮಕ್ಕಳು ಹೆಜಮಾಡಿಯ ತವರಿನಲ್ಲಿ ಸಿಕ್ಕಿಬಿದ್ದಿದ್ದರು. ಸಮಿತಿಯವರು ಬಿದಿರನ್ನು ತಂದು ಅವನ ಗೇಟಿಗೇ ಕಟ್ಟಿ, ಬೇಗ ಗುಣವಾಗಲೆಂದು ಗುಂಪಿನಲ್ಲಿ ಹಾರೈಸಿದರಂತೆ. ಜಲಜ ಗಂಜಿಗೆ ಅಕ್ಕಿ ತೊಳೆಯತೊಡಗಿದಳು.

"ಅವನಿಗೆ ಕಷಾಯ ಉಂಟಲ್ಲ," ಎಂದೆ.

"ಹಸಿದವನಿಗೆ ಪಾಠ ಮಾಡ್ಲಿಕ್ಕೆ ಹೋಗ್ಬೇಡ ನೀನು," ಎಂದಳು.

ಗೇಟಿನ ಬಿದಿರು ಬಿಚ್ಚಿ, ಪಾತ್ರೆಯನ್ನು ಅವನ ಜಗಲಿಯಲ್ಲಿಟ್ಟು ದೂರ ಸರಿದೆ. ಕಿಟಕಿಯಿಂದ ಸದಾನಂದ ಕೈಮುಗಿದ. "ಟೀಚರೇ, ನೀವು ದೇವರು."

"ದೇವರಲ್ಲ, ಮುಂಬಯಿಯವಳು ಮಾಡಿದ ಗಂಜಿ. ಬೇಕಾದರೆ ಸಮಿತಿಯಲ್ಲಿ ಚರ್ಚೆ ಮಾಡಿ ಕುಡಿ."

ಚರ್ಚೆ ಆದಂತೆ ಕಾಣಲಿಲ್ಲ. ಅವನಿಗೆ ಗುಣವಾಗುವವರೆಗೂ ಗಂಜಿ ಹೋಯಿತು, ಪಾತ್ರೆ ಖಾಲಿಯಾಯಿತು.

ಕಳೆದ ವರ್ಷ ಸಮಿತಿಯ ವಾರ್ಷಿಕೋತ್ಸವಕ್ಕೆ ನಾವಿಬ್ಬರೂ ಹೋಗಿದ್ದೆವು. ಸದಾನಂದ ಮೈಕಿನ ಮುಂದೆ ಗದ್ಗದಿತನಾಗಿ, ಆ ಕಷ್ಟಕಾಲದಲ್ಲಿ ನಮ್ಮ ಓಣಿ ಒಂದೇ ಮನೆಯಂತಿತ್ತು, ಯಾರೊಬ್ಬರನ್ನೂ ನಾವು ಕೈಬಿಡಲಿಲ್ಲ ಎಂದ. ಚಪ್ಪಾಳೆಯೋ ಚಪ್ಪಾಳೆ. ಜಲಜ ನನ್ನ ಕಿವಿಯ ಹತ್ತಿರ ಬಾಗಿದಳು.

"ಯಾವ ಊರಿನ ಕತೆ ಅದು?"

"ನಮ್ಮದೇ."

"ಹೌದಾ? ಒಳ್ಳೆ ಊರು, ಅಲ್ವಾ? ಗೊತ್ತಿದ್ದರೆ ಆವತ್ತು ಅಲ್ಲಿಗೇ ಹೋಗ್ತಿದ್ದೆ."